ಹೊಸ ಸೋಲಾರ್ ಸೆಲ್‌ಗಳನ್ನು ಮಲೆನಾಡಿನ ಮಳೆಯಲ್ಲೇ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ಸಿಲಿಕಾನ್ ಬದಲು ಪ್ಲಾಸ್ಟಿಕ್‌ನಂಥ ಇಂಗಾಲದ ವಸ್ತುಗಳಿಂದ ಮಾಡುವ ಆರ್ಗ್ಯಾನಿಕ್ ಸೋಲಾರ್ ಸೆಲ್‌ಗಳ ಸುದ್ದಿ ಬಂದಾಗಲೆಲ್ಲ ದಕ್ಷತೆಯ ಲೆಕ್ಕವೇ, ಅಂದರೆ ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ವಿದ್ಯುತ್ ಆಗುತ್ತದೆ ಎಂಬುದೇ, ದೊಡ್ಡದಾಗುತ್ತದೆ. 1986ರಲ್ಲಿ ವಿಜ್ಞಾನಿ ಚಿಂಗ್ ಟಾಂಗ್ ಎರಡು ಪದರದ ಸೆಲ್ ತೋರಿಸಿದಾಗ ಅದು ಶೇ 1ರ ಆಸುಪಾಸಿನಲ್ಲಿತ್ತು. ಈಗ ಲ್ಯಾಬ್‌ಗಳಲ್ಲಿ ಶೇ 19 ದಾಟಿದೆ. ಖುಷಿಯ ವಿಷಯವೇ. ಆದರೆ ಆ ಅಳತೆ ನಡೆಯುವುದು 25 ಡಿಗ್ರಿಯಲ್ಲಿ, ಚದರ ಮೀಟರಿಗೆ 1000 ವಾಟ್ ಬೆಳಕಿನಲ್ಲಿ. ಪುನರ್ವಸು, ಪುಷ್ಯ ಮಳೆ ಹೊಯ್ಯುವಾಗ ಆಗುಂಬೆಯಲ್ಲಿ ಅಷ್ಟು ಬೆಳಕು ಎಲ್ಲಿಂದ ಬರಬೇಕು?

ನಾನು ಪಿಯು ಮಕ್ಕಳಿಗೆ ಫಿಸಿಕ್ಸ್ ಕಲಿಸಿದವಳು. ಈ ಸೆಲ್‌ಗಳ ಗುಣ ಡೋಪಿಂಗ್ ಮೇಲೂ ನಿಂತಿದೆ, ಅಂದರೆ ವಿದ್ಯುತ್ ಚೆನ್ನಾಗಿ ಹರಿಯಲೆಂದು ಬೇರೆ ವಸ್ತುವನ್ನು ತುಸು ಬೆರೆಸುವುದರ ಮೇಲೆ. ಪಠ್ಯದಲ್ಲಿ ಡೋಪಿಂಗ್ ಎಂದರೆ ಸಿಲಿಕಾನ್‌ಗೆ ಬೋರಾನ್, ರಂಜಕ ಸೇರಿಸುವುದು, ಅಷ್ಟೇ. ಪ್ಲಾಸ್ಟಿಕ್ಕಿಗೂ ಇದು ಆಗುತ್ತದೆ. 1977ರಲ್ಲಿ ಹೀಗರ್, ಮ್ಯಾಕ್‌ಡಯರ್ಮಿಡ್, ಶಿರಕಾವ ಅವರು ಪಾಲಿಅಸಿಟಿಲೀನ್‌ಗೆ ಅಯೋಡಿನ್ ಆವಿ ತಾಗಿಸಿ, ವಿದ್ಯುತ್ ಹರಿಯುವ ಗುಣವನ್ನು ಲಕ್ಷಾಂತರ ಪಟ್ಟು ಹೆಚ್ಚಿಸಿದರು. ಆ ಕೆಲಸಕ್ಕೆ 2000ರಲ್ಲಿ ನೊಬೆಲ್ ಬಂತು.

ಆರ್ಗ್ಯಾನಿಕ್ ಪದರದಲ್ಲಿ ಚಾರ್ಜ್ ಸಲೀಸಾಗಿ ಸಾಗುವುದಿಲ್ಲ, ಅಲ್ಲಲ್ಲೇ ಸಿಕ್ಕಿಕೊಳ್ಳುತ್ತದೆ. ಎಫ್4ಟಿಸಿಎನ್‌ಕ್ಯೂ ಥರದ ಅಣುವನ್ನು ತುಸು ಬೆರೆಸಿದರೆ ಅದು ಪದರದಿಂದ ಎಲೆಕ್ಟ್ರಾನ್ ಕಸಿದುಕೊಳ್ಳುತ್ತದೆ. ಅಲ್ಲಿ ಉಳಿದ ‘ಹೋಲ್’ಗಳಿಂದ, ಅಂದರೆ ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗಗಳಿಂದ, ಪದರದ ವಾಹಕತೆ ಹೆಚ್ಚುತ್ತದೆ, ವಿದ್ಯುತ್ ಹೊರಗೊಯ್ಯುವ ಎಲೆಕ್ಟ್ರೋಡ್ ಮುಟ್ಟುವಷ್ಟರಲ್ಲಿ ಆಗುವ ನಷ್ಟ ಕಡಿಮೆಯಾಗುತ್ತದೆ. ಜಾಸ್ತಿ ಬೆರೆಸಿದರೆ ಪದರದ ಜೋಡಣೆಯೇ ಕೆಡುತ್ತದೆ. ಚಿಕ್ಕ ಅಣುಗಳು ಬಿಸಿಗೆ ಪಕ್ಕದ ಪದರಕ್ಕೂ ಜರುಗುತ್ತವೆ.

ನಮಗೆ ಮುಖ್ಯವಾದದ್ದು ಇನ್ನೊಂದಿದೆ. ಇಂಥ ಸೆಲ್‌ಗಳಲ್ಲಿ ತುಂಬಾ ಬಳಸುವ ಪೆಡಾಟ್-ಪಿಎಸ್‌ಎಸ್ ಎಂಬ ವಸ್ತು ಕೂಡ ಡೋಪ್ ಮಾಡಿದ ಪಾಲಿಮರ್, ಅಂದರೆ ಪ್ಲಾಸ್ಟಿಕ್ ಜಾತಿಯದು. ಅದರ ಪಿಎಸ್‌ಎಸ್ ಭಾಗ ಆಮ್ಲೀಯ. ಆಷಾಢದಲ್ಲಿ ಮುಚ್ಚಳ ತೆಗೆದಿಟ್ಟ ಉಪ್ಪಿನ ಹಾಗೆ ಗಾಳಿಯ ತೇವ ಹೀರುತ್ತದೆ, ಕೆಳಗಿನ ಎಲೆಕ್ಟ್ರೋಡನ್ನು ಕೊರೆಯುತ್ತದೆ. ವರ್ಷಕ್ಕೆ 7000 ಮಿಲಿಮೀಟರ್ ಮಳೆ ಬೀಳುವ ಸೀಮೆಗೆ ಇದು ಸಣ್ಣ ಮಾತಲ್ಲ. ಮಂದ ಬೆಳಕಿನಲ್ಲೂ ಆರ್ಗ್ಯಾನಿಕ್ ಸೆಲ್‌ಗಳು ಚೆನ್ನಾಗಿ ಕೆಲಸ ಮಾಡುತ್ತವೆ, ಹಾಗಾಗಿ ನಮ್ಮ ಮೋಡಕ್ಕೆ ಒಗ್ಗಬಹುದು. ತೇವ ತಡೆಯುವ ಡೋಪಿಂಗ್ ಸಿಗದಿದ್ದರೆ ಆ ಗುಣ ಇದ್ದೂ ಏನು ಪ್ರಯೋಜನ?

ಬೆಂಗಳೂರಿನ ಸಂಶೋಧಕರಲ್ಲಿ ನನ್ನ ವಿನಂತಿ ಇಷ್ಟೇ. ಬೇರೆ ಬೇರೆ ಡೋಪಿಂಗ್ ಮಾಡಿದ ಸೆಲ್‌ಗಳನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರದ ಕಾಲೇಜುಗಳ ಮಾಡಿನ ಮೇಲೆ ಇಡಿ. ಕುವೆಂಪು ವಿಶ್ವವಿದ್ಯಾಲಯವೂ ಕೈಜೋಡಿಸಲಿ. ದಿನಾ ವೋಲ್ಟ್, ಕರೆಂಟ್ ಬರೆದಿಡಲು ನಮ್ಮ ಮಕ್ಕಳಿಗೆ ಮಲ್ಟಿಮೀಟರ್ ಸಾಕು. ಯಾವ ಸೆಲ್ ಯಾವ ತಿಂಗಳು ಕೆಟ್ಟಿತು ಎಂಬುದನ್ನೂ ಮುಚ್ಚಿಡದೆ ಪ್ರಕಟಿಸಿ.

— ನಿವೃತ್ತ ಉಪನ್ಯಾಸಕಿ, ತೀರ್ಥಹಳ್ಳಿ