ಧೈರ್ಯ ಬರಲಿ ಅಂತ ಕಾಯಬೇಡ

ಪ್ರೀತಿಯ ತಂಗಿ,

ನಿನ್ನ ಪತ್ರ ನಿಧಾನವಾಗಿ ಓದಿದೆ. ಮನೆಯ ಗೋಡೆ ತುಂಬ ಯೂನಿಫಾರ್ಮ್ ತೊಟ್ಟ ಅಜ್ಜಂದಿರ ಫೋಟೋ ಇರುವಾಗ, ಅದೇ ಹಜಾರದಲ್ಲಿ ಕೂತು ಅಳುವ ಹೆಂಗಸರ ಬಗ್ಗೆ, ಹೆದರುವ ಗಂಡಸರ ಬಗ್ಗೆ ಹೇಗೆ ಬರೆಯಲಿ ಅಂತ ಕೇಳಿದ್ದೀಯ. ಬೆಂಗಳೂರಿನ ಕೆಲಸ ಬಿಡುವ ವಿಚಾರಕ್ಕಿಂತ ಮೊದಲು ಇದನ್ನೇ ಮಾತಾಡೋಣ.

ಸೇನೆಯ ದಂಡನಾಯಕರಾದ ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಕೊಡಗು ನಮ್ಮ ನಾಡು. ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿಗೆ ಹೂವಿಟ್ಟು ಕೈಮುಗಿಯುವಾಗ ನನಗೂ ಎದೆ ತುಂಬುತ್ತದೆ. ಆದರೆ ಗಂಡ ಗಡಿಯಲ್ಲಿದ್ದಾಗ ಇಲ್ಲಿ ಗದ್ದೆ ನಾಟಿ ಮಾಡಿಸಿದ್ದು ಯಾರು? ಆಳುಗಳಿಗೆ ಬಟವಾಡೆ ಮಾಡಿ, ಬಿಡದೆ ಸುರಿಯುವ ಮಳೆಯಲ್ಲಿ ಜ್ವರದ ಮಗುವನ್ನು ಎತ್ತಿಕೊಂಡು ಬಸ್ಸಿಗೆ ಓಡಿದ್ದು ಯಾರು? ಗೋಡೆಯ ಮೇಲೆ ಅವರ ಫೋಟೋ ಇಲ್ಲ. ತೋಟದ ಆಳುಗಳು ಇರುವ ಲೈನ್ ಮನೆಯ ಹೆಂಗಸರದ್ದಂತೂ ಎಲ್ಲೂ ಇಲ್ಲ, ಕೊಯ್ಲಿನ ದಿನಗಳಲ್ಲಿ ಸಂಜೆ ಕಾಫಿ ಹಣ್ಣಿನ ಚೀಲ ಹೊತ್ತು ತೂಕಕ್ಕೆ ಸಾಲಾಗಿ ನಿಲ್ಲುತ್ತಾರಲ್ಲ, ಅವರದ್ದು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜಾರಿದಾಗ ಗಂಜಿ ಕೇಂದ್ರದಲ್ಲಿ ಒಬ್ಬರು ಅಜ್ಜ ತೋಟದ ಮಾತೇ ಎತ್ತಲಿಲ್ಲ. ದನದ ಹಗ್ಗ ಬಿಚ್ಚಿ ಬಂದೆನಾ ಇಲ್ವಾ ಅಂತ ಪಕ್ಕದವರನ್ನೆಲ್ಲ ಕೇಳುತ್ತಿದ್ದರು. ಆ ಅಜ್ಜನನ್ನು ವೀರ ಅಂತ ಯಾರೂ ಕರೆಯುವುದಿಲ್ಲ. ನೀನು ಬರೆಯಬೇಕಾದದ್ದು ಇಂಥವರನ್ನೇ ಅಂತ ನನಗೆ ಬಲವಾಗಿ ಅನಿಸುತ್ತದೆ.

ಕಥೆಗಾರ್ತಿ ಕೊಡಗಿನ ಗೌರಮ್ಮನವರನ್ನು ನೆನಪು ಮಾಡಿಕೋ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೂ ಬರಲೇಬೇಕು ಅಂತ ಉಪವಾಸ ಕೂತರು, ಅವರು ಬಂದಾಗ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟರು. ಆಗಿನ್ನೂ ಇಪ್ಪತ್ತೆರಡರ ಆಸುಪಾಸಿನ ಹುಡುಗಿ. ಅಷ್ಟು ಗಟ್ಟಿ ಹೆಣ್ಣು ಕಥೆಗೆ ಕೂತಾಗ ಬರೆದದ್ದು ವಿಧವೆಯರ ನೋವು, ಮದುವೆಯಲ್ಲಿ ಸೋತ ಹೆಂಗಸರ ಪಾಡು. ಅಳುವವರ ಬಗ್ಗೆ ಬರೆದರೆ ಪುಕ್ಕಲು ಅಂದುಕೊಳ್ಳುತ್ತಾರೆ ಅನ್ನುವ ನಿನ್ನ ಭಯವನ್ನು ಇಲ್ಲಿಗೇ ಬಿಡು.

ಇನ್ನು ಕೆಲಸ. 'ಧೈರ್ಯ ಬಂದ ದಿನ ರಾಜೀನಾಮೆ ಕೊಟ್ಟು ಬರೆಯಲು ಕೂರುತ್ತೇನೆ' ಅಂದಿದ್ದೀಯ. ಹಾಗೆ ಕಾಯುತ್ತಾ ಕೂತವರನ್ನು ನಾನು ಜಾಸ್ತಿ ನೋಡಿದ್ದೇನೆ ತಂಗಿ. ಮಾರ್ಚ್‌ನಲ್ಲಿ ನಿಮ್ಮಪ್ಪ ಏನು ಮಾಡುತ್ತಾರೆ ನೋಡು. ಕಾಫಿ ಹೂ ಬಿಡಿಸುವ ಹೂಮಳೆ ಬರುತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಗಿಡದ ಮೊಗ್ಗು ನೋಡುತ್ತಾರೆ, ಕೆರೆಯಲ್ಲಿ ನೀರೆಷ್ಟಿದೆ ನೋಡುತ್ತಾರೆ. ಯಾಕಂದರೆ ಒಮ್ಮೆ ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸಿದರೆ ಮುಗಿಯಲಿಲ್ಲ, ಮಳೆ ಕೈಕೊಟ್ಟರೆ ಎರಡು ಮೂರು ವಾರದಲ್ಲಿ ಮತ್ತೆ ನೀರು ಕೊಡಬೇಕು, ಇಲ್ಲದಿದ್ದರೆ ಕಾಯಿ ಕಚ್ಚುವುದಿಲ್ಲ. ಆ ಎರಡನೇ ನೀರಿನ ಲೆಕ್ಕ ಹಾಕಿಯೇ ಮೋಟಾರ್ ಆನ್ ಮಾಡುತ್ತಾರೆ. ನೀನು ಕೆಲಸ ಬಿಡುವುದಾದರೆ ಬಿಡು, ಆದರೆ ಆ ಎರಡನೇ ನೀರು ನಿನ್ನ ಬಳಿ ಇದೆಯಾ ಅಂತ ನೋಡಿಕೊಂಡು ಬಿಡು. ಒಂದು ವರ್ಷದ ಮನೆ ಬಾಡಿಗೆ, ಊಟದ ಖರ್ಚು, ಅಮ್ಮನ ಔಷಧಿ, ಎಲ್ಲಾ ಕಾಗದದ ಮೇಲೆ ಬರಲಿ. ಸಾಲದೇ ಹೋದರೆ ಕೆಲಸದಲ್ಲೇ ಇರು, ಅದಕ್ಕೆ ನಾಚಿಕೆ ಪಡಬೇಡ.

ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಇಲಾಖೆಯಲ್ಲಿದ್ದವರು. ಆ ನೌಕರಿಯ ನಡುವೆಯೇ ಊರೂರಿನ ಹಿರಿಯರ ಬಾಯಿಂದ ಹಾಡು, ಗಾದೆ, ಪದ್ಧತಿಗಳನ್ನು ಕೂಡಿಟ್ಟರು. 1924ರಲ್ಲಿ ಆ ಸಂಗ್ರಹ 'ಪಟ್ಟೋಲೆ ಪಳಮೆ' ಅಂತ ಪ್ರಕಟವಾಯಿತು. ಹಾಡಿದ ಬಾಯಿಗಳೆಲ್ಲ ಮಣ್ಣು ಸೇರಿದವು, ಹಾಡು ಇವತ್ತಿಗೂ ನಮ್ಮ ಕೈಯಲ್ಲಿದೆ. ಬದುಕಿಗೆ ಗುರಿ ಏನು ಅಂತ ಅಷ್ಟುದ್ದ ಕೇಳಿದ್ದೀಯಲ್ಲ, ಅದಕ್ಕೆ ನನಗೆ ತೋಚುವ ಉತ್ತರ ಇಷ್ಟೇ: ನೀನು ಬರೆಯದಿದ್ದರೆ ಯಾರ ಮಾತು ಕಳೆದುಹೋಗುತ್ತೆ, ಒಬ್ಬರ ಹೆಸರು ಹೇಳು. ನಿನ್ನ ಪತ್ರದ ಕೊನೆಯಲ್ಲಿ ಸುಮ್ನೆ ಒಂದು ಸಾಲಿನಲ್ಲಿ ಬಂದು ಹೋಗುತ್ತಾರಲ್ಲ, ನಿಮ್ಮ ತೋಟದಲ್ಲಿ ಮೂವತ್ತು ವರ್ಷ ದುಡಿದು ಲೈನ್ ಮನೆ ಖಾಲಿ ಮಾಡಿ ಹೋದ ಆ ಅಮ್ಮ, ನನಗೆ ಆ ಹೆಸರು ಅವರದ್ದೇ ಅನಿಸಿತು. ಮನೆಯವರಿಗೆ ಬೇಜಾರಾಗುತ್ತದೆ, ನಿಜ. ಅಪ್ಪನಿಗೆ ಮೊದಲೇ ಹೇಳು. ಒಪ್ಪಿಗೆ ಕೇಳಬೇಡ, ಬರೆಯುತ್ತಿದ್ದೇನೆ ಅಂತ ತಿಳಿಸು. ಆ ಅಮ್ಮ ಈಗೆಲ್ಲಿದ್ದಾರೆ ಅಂತ ಹುಡುಕಿ, ಹೋಗಿ ಕೂತು ಅವರ ಮಾತು ಕೇಳು. ಅವರು ಬೇಡ ಅಂದದ್ದನ್ನು ಬರೆಯಬೇಡ.

ಪುತ್ತರಿ ಸುಗ್ಗಿ ಹಬ್ಬಕ್ಕೆ ಊರಿಗೆ ಬರುತ್ತೀಯಲ್ವಾ? ಬರೆದಷ್ಟನ್ನು ತಗೊಂಡು ಮಡಿಕೇರಿಗೆ ಬಾ. ತಿದ್ದಿ ಚೆಂದ ಮಾಡಬೇಕಿಲ್ಲ, ಹಾಗೇ ತಾ. ಇಬ್ಬರೂ ಕೂತು ಓದೋಣ.

ನಿನ್ನ ಅಕ್ಕ