ಕೀಬೋರ್ಡ್ ಬದಲಿಸುವ ಖರ್ಚು ಕೊಳ್ಳುವ ಮೊದಲೇ ತಿಳಿಯಲಿ

ಮಾನ್ಯ ಸಂಪಾದಕರೇ,

ಲ್ಯಾಪ್‌ಟಾಪ್ ಕೊಳ್ಳಲು ಅಂಗಡಿಗೆ ಹೋದರೆ ರ್ಯಾಮ್ ಎಷ್ಟು, ಪ್ರೊಸೆಸರ್ ಯಾವುದು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ಬೇಸರವಿಲ್ಲದೆ ವಿವರಿಸುತ್ತಾರೆ. ಕೀಬೋರ್ಡ್ ಕೆಟ್ಟರೆ ಹೊಸದು ಹಾಕಿಸಲು ಎಷ್ಟು ಬೀಳುತ್ತದೆ ಎಂಬುದು ಮಾತ್ರ ಡಬ್ಬದ ಮೇಲೂ ಇರುವುದಿಲ್ಲ, ಬಿಲ್ಲಿನಲ್ಲೂ ಇರುವುದಿಲ್ಲ, ಕೇಳಿದರೆ ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಇಡೀ ಯಂತ್ರದಲ್ಲಿ ನಮ್ಮ ಬೆರಳು ದಿನವಿಡೀ ಬಡಿಯುವುದು ಕೀಬೋರ್ಡನ್ನೇ. ಸವೆಯುವ ಭಾಗ ಅದು. ಸವೆಯುವ ಭಾಗದ ಬೆಲೆ ಕೊಳ್ಳುವವನಿಗೆ ಮೊದಲೇ ತಿಳಿಯಬೇಕು, ಮತ್ತು ಆ ಭಾಗವಷ್ಟನ್ನೇ ಬದಲಿಸಲು ಬರಬೇಕು. ಈ ಪತ್ರ ಬರೆಯುತ್ತಿರುವುದು ಇದಕ್ಕಾಗಿಯೇ.

ನಾನು ತೀರ್ಥಹಳ್ಳಿಯಲ್ಲಿ ಡಿಟಿಪಿ ಮತ್ತು ಟೈಪಿಂಗ್ ಕೆಲಸ ಮಾಡುವವಳು. ಬಗರ್‌ಹುಕುಂ ಅರ್ಜಿ, ಪಹಣಿ ತಿದ್ದುಪಡಿಯ ಮನವಿ, ಸಹಕಾರ ಸಂಘದ ವಾರ್ಷಿಕ ವರದಿ, ಮದುವೆಯ ಕರೆಯೋಲೆ, ಎಳ್ಳಮಾವಾಸ್ಯೆ ಜಾತ್ರೆಯ ಸಮಯದಲ್ಲಿ ಕರಪತ್ರ, ಪರೀಕ್ಷೆ ಹತ್ತಿರ ಬಂದಾಗ ಕಾಲೇಜು ಮಕ್ಕಳ ಪ್ರಾಜೆಕ್ಟ್ ವರದಿ, ಹೀಗೆ ವರ್ಷವಿಡೀ ಏನಾದರೊಂದು ಇದ್ದೇ ಇರುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಲೈನ್‌ಮನ್ನಿಗೂ ಹೇಳಲಾಗದು. ಮರ ಬಿದ್ದ ಕಡೆಯೆಲ್ಲ ಅವರೇ ನೆನೆದುಕೊಂಡು ಓಡಾಡಬೇಕು. ಆದ್ದರಿಂದ ನನ್ನಂಥವರು ಡೆಸ್ಕ್‌ಟಾಪ್ ನಂಬಿ ಕೂರುವಂತಿಲ್ಲ, ಲ್ಯಾಪ್‌ಟಾಪೇ ಬೇಕು.

ಮಲೆನಾಡಿನ ಥಂಡಿಯ ಬಗ್ಗೆ ಓದುಗರಿಗೆ ಹೇಳಬೇಕಾಗಿಲ್ಲ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ದಾಟುತ್ತದೆ. ಅಲ್ಲಿಂದ ಇಲ್ಲಿಗೆ ದೂರವೇನೂ ಇಲ್ಲ. ಆಷಾಢದಲ್ಲಿ ಬೆಲ್ಟು, ಚಪ್ಪಲಿ, ಪುಸ್ತಕದ ರಟ್ಟು ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಲ್ಯಾಪ್‌ಟಾಪಿನ ಕೀಗಳ ಅಡಿಯಲ್ಲಿ ಇರುವುದು ಒಂದರ ಮೇಲೊಂದು ಕೂತ ತೆಳು ಪ್ಲಾಸ್ಟಿಕ್ ಹಾಳೆಗಳು. ಅವುಗಳ ಮೇಲೆ ಕೂದಲೆಳೆಯಂಥ ಗೆರೆಗಳು, ಕರೆಂಟ್ ಹರಿಯುವುದು ಆ ಗೆರೆಗಳಲ್ಲಿ. ತೇವ ಒಳಗೆ ಸೇರಿ ಒಂದು ಗೆರೆ ಕಿಲುಬು ಹಿಡಿದರೆ ಸಾಕು, ಆ ಗೆರೆಗೆ ಸೇರಿದ ಕೀಗಳೆಲ್ಲ ಒಟ್ಟಿಗೆ ಸಾಯುತ್ತವೆ. ಎಲ್ಲೋ ಒಂದು ಮೂಲೆಯ ಕೀ, ಇನ್ನೆಲ್ಲೋ ನಡುವಿನ ಕೀ ಒಂದೇ ದಿನ ಕೈಕೊಡುವುದು ಇದೇ ಕಾರಣಕ್ಕೆ. ಹೊರಗಿನಿಂದ ನೋಡಿದರೆ ಕೀಬೋರ್ಡ್ ಹೊಸದರಂತೆಯೇ ಇರುತ್ತದೆ.

ಕಳೆದ ಮಳೆಗಾಲದಲ್ಲಿ ನನ್ನ ಲ್ಯಾಪ್‌ಟಾಪಿಗೆ ಹೀಗೆಯೇ ಆಯಿತು. ಹೋದ ಕೀಗಳಲ್ಲಿ ಎಫ್ ಕೂಡ ಇತ್ತು. ಇಂಗ್ಲಿಷಿನಲ್ಲಿ ಕೆಲಸ ಮಾಡುವವರಿಗೆ ಅದು ಇಪ್ಪತ್ತಾರರಲ್ಲಿ ಒಂದು ಅಕ್ಷರ. ನುಡಿ ತಂತ್ರಾಂಶದಲ್ಲಿ, ಸರ್ಕಾರವೇ ಒಪ್ಪಿಕೊಂಡಿರುವ ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸದಲ್ಲಿ, ಕನ್ನಡ ಟೈಪ್ ಮಾಡುವವರಿಗೆ ಒತ್ತಕ್ಷರ ಬರುವುದೇ ಎಫ್ ಕೀಯಿಂದ. ಅದು ಇಲ್ಲದಿದ್ದರೆ ತೀರ್ಥಹಳ್ಳಿ 'ತೀರಥಹಳಳಿ' ಆಗುತ್ತದೆ, ಶಿವಮೊಗ್ಗ 'ಶಿವಮೊಗಗ' ಆಗುತ್ತದೆ, ಅರ್ಜಿ 'ಅರಜಿ' ಆಗುತ್ತದೆ. ತಹಶೀಲ್ದಾರರಿಗೆ ಕೊಡುವ ಮನವಿಯಲ್ಲಿ ಒಂದು ಸಾಲನ್ನೂ ಸರಿಯಾಗಿ ಹೊಡೆಯಲು ಆಗುವುದಿಲ್ಲ. ಕಂಪನಿಯ ಲೆಕ್ಕದಲ್ಲಿ ಕೆಲವು ಕೀ ಕೆಟ್ಟಿದ್ದವು, ನನ್ನ ಲೆಕ್ಕದಲ್ಲಿ ಕೆಲಸವೇ ನಿಂತಿತ್ತು.

ಶಿವಮೊಗ್ಗದ ಅಧಿಕೃತ ಸರ್ವಿಸ್ ಸೆಂಟರಿಗೆ ಒಯ್ದೆ. ಕೌಂಟರಿನಲ್ಲಿದ್ದ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು. "ಮೇಡಂ, ನಿಮ್ಮ ಮಾಡೆಲ್‌ಗೆ ಕೀಬೋರ್ಡ್ ಒಂದೇ ಬರಲ್ಲ, ಸಿ ಪ್ಯಾನಲ್ ಪೂರ್ತಿ ಬರುತ್ತೆ" ಎಂದಳು. ಸಿ ಪ್ಯಾನಲ್ ಎಂದರೆ ನಾವು ಅಂಗೈ ಊರುವ ಮೇಲ್ಭಾಗದ ಇಡೀ ಬಾಡಿ. ನನ್ನ ಯಂತ್ರದ ಆ ಭಾಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಆದರೂ ಅದನ್ನು ಎಸೆದು ಹೊಸದನ್ನು ಕೊಳ್ಳಬೇಕು. ಬಿಡಿಭಾಗಕ್ಕೆ 8,200 ರೂಪಾಯಿ, ಕೂಲಿ 1,200, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 11,092 ರೂಪಾಯಿ ಎಂದು ಚೀಟಿ ಬರೆದುಕೊಟ್ಟರು. ಲ್ಯಾಪ್‌ಟಾಪ್ ಕೊಂಡದ್ದು 42,000ಕ್ಕೆ. ಕಾಲು ಭಾಗಕ್ಕಿಂತ ಹೆಚ್ಚು ಹಣ ಕೀಬೋರ್ಡಿಗೆ! ವಾರಂಟಿ ಮುಗಿದಿತ್ತು, ಅದರ ಬಗ್ಗೆ ನನ್ನ ತಕರಾರಿಲ್ಲ. ಹಣ ಕೊಡಬೇಕಾದ್ದು ನ್ಯಾಯವೇ. ಯಾವುದಕ್ಕೆ ಕೊಡಬೇಕು ಎನ್ನುವುದೇ ನನ್ನ ಪ್ರಶ್ನೆ.

ಅಲ್ಲಿಂದ ಹೊರಟು ದುರ್ಗಿಗುಡಿ ಕಡೆ ಒಂದು ಸಣ್ಣ ರಿಪೇರಿ ಅಂಗಡಿಗೆ ಹೋದೆ. ಆ ಹುಡುಗ ಲ್ಯಾಪ್‌ಟಾಪ್ ಮಗುಚಿ ಮಾಡೆಲ್ ನಂಬರ್ ನೋಡಿದ, ಕಂಪ್ಯೂಟರ್ ಬಿಡಿಭಾಗ ಮಾರುವ ಬೆಂಗಳೂರಿನ ಎಸ್.ಪಿ. ರೋಡಿಗೆ ಫೋನ್ ಹಚ್ಚಿದ. ಕೀಬೋರ್ಡ್ ಒಂದೇ ಸಿಗುತ್ತದೆ, ಕಂಪನಿಯದಲ್ಲ, ಹೊಂದುವಂಥದು, 950 ರೂಪಾಯಿ, ರಾತ್ರಿ ಬಸ್ಸಿಗೆ ಹಾಕಿದರೆ ಬೆಳಿಗ್ಗೆ ಬರುತ್ತದೆ ಎಂದ. ಕೂಲಿ 700. ಒಟ್ಟು 1,650.

ಅವನು ಕೆಲಸ ಮಾಡುವುದನ್ನು ಪಕ್ಕದಲ್ಲೇ ಕೂತು ನೋಡಿದೆ. ಅದನ್ನು ನೋಡಿದ ಮೇಲೆಯೇ ಈ ಪತ್ರ ಬರೆಯಬೇಕು ಅನ್ನಿಸಿದ್ದು. ಕೆಳಗಿನ ಮುಚ್ಚಳ ತೆಗೆದ, ಬ್ಯಾಟರಿ ತೆಗೆದ, ಫ್ಯಾನ್ ತೆಗೆದ, ಮದರ್‌ಬೋರ್ಡನ್ನೇ ಎತ್ತಿ ಬದಿಗಿಟ್ಟ. ಒಂದೊಂದು ರಿಬ್ಬನ್ ಕೇಬಲ್ಲನ್ನೂ ಉಗುರಿನ ತುದಿಯಲ್ಲಿ ಬಿಡಿಸಿದ. ಎಲ್ಲಕ್ಕಿಂತ ಕೆಳಗೆ, ಒಂದು ತಗಡಿನ ಅಡಿಯಲ್ಲಿ ಕೀಬೋರ್ಡ್ ಇತ್ತು. ಅದನ್ನು ಹಿಡಿದಿದ್ದದ್ದು ಸ್ಕ್ರೂ ಅಲ್ಲ, ಸಾಲು ಸಾಲಾಗಿ ಪ್ಲಾಸ್ಟಿಕ್ ರಿವೆಟ್. ಬಾಡಿಯ ಪ್ಲಾಸ್ಟಿಕ್ಕನ್ನೇ ಕಡ್ಡಿಯಂತೆ ಮೇಲೆಬ್ಬಿಸಿ, ಕಾರ್ಖಾನೆಯಲ್ಲಿ ಬಿಸಿ ಮಾಡಿ ತಲೆ ಚಪ್ಪಟೆ ಮಾಡಿರುತ್ತಾರೆ. ಒಂದೊಂದು ತಲೆಯನ್ನೂ ಬ್ಲೇಡಿನಿಂದ ಸೀಳಿ ತೆಗೆದ. ಹೊಸ ಕೀಬೋರ್ಡ್ ಕೂರಿಸಿ, ಉಳಿದ ಮೊಂಡುಗಳನ್ನು ಸೋಲ್ಡರಿಂಗ್ ಐರನ್ನಿನಿಂದ ಮತ್ತೆ ಕರಗಿಸಿ ಅದುಮಿದ, ಕೆಲವು ಕಡೆ ಗಮ್ ಹಾಕಿದ. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಮುಗಿಸಿದ ಮೇಲೆ, "ಅಕ್ಕಾ, ಇದು ಒಂದೇ ಸಲ ಆಗೋ ಕೆಲಸ. ಇನ್ನೊಂದ್ಸಲ ಕೆಟ್ರೆ ಕರಗಿಸೋಕೆ ಪ್ಲಾಸ್ಟಿಕ್ಕೇ ಇರಲ್ಲ" ಅಂದ. ಪ್ರಾಮಾಣಿಕ ಹುಡುಗ, ಮುಚ್ಚಿಡದೆ ಹೇಳಿಬಿಟ್ಟ.

ಅದೇ ಮೇಜಿನ ಮೇಲೆ ಯಾರದೋ ಹಳೆಯ ಲ್ಯಾಪ್‌ಟಾಪ್ ಇತ್ತು. ಅದರ ಹಿಂಬದಿಯಲ್ಲಿ ಕೆಲವು ಸ್ಕ್ರೂಗಳ ಪಕ್ಕ ಪುಟ್ಟ ಕೀಬೋರ್ಡಿನ ಚಿತ್ರ. ಅವನ್ನು ಬಿಚ್ಚಿ ಮೇಲಿನಿಂದ ಮೀಟಿದರೆ ಕೀಬೋರ್ಡ್ ಎದ್ದು ಬಂತು, ಒಂದು ಕೇಬಲ್ ಬಿಡಿಸಿದರೆ ಕೈಯಲ್ಲೇ ಇತ್ತು. ಟೀ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ. ಮೊದಲು ಬಿಡಿಯಾಗಿ ಬರುತ್ತಿದ್ದದ್ದು ಈಗ ಬಾರದಂತೆ ಮಾಡಿದ್ದಾರೆ.

ತೆಳ್ಳಗೆ ಬೇಕು, ಹಗುರ ಬೇಕು ಎಂದು ಗಿರಾಕಿಗಳೇ ಕೇಳುತ್ತಾರೆ, ರಿವೆಟ್ ಹಾಕಿದರೆ ಕೀಬೋರ್ಡ್ ಗಟ್ಟಿ ಕೂರುತ್ತದೆ ಎಂದು ಕಂಪನಿಗಳ ಪರ ವಾದಿಸುವವರು ಹೇಳುತ್ತಾರೆ. ಆದರೆ ಅಮೆರಿಕದ ಫ್ರೇಮ್‌ವರ್ಕ್ ಎಂಬ ಕಂಪನಿ 2021ರಿಂದ ತೆಳು ಲ್ಯಾಪ್‌ಟಾಪನ್ನೇ ಮಾರುತ್ತಿದೆ. ಅದರ ಭಾಗಗಳನ್ನು ಕೊಂಡವರೇ ಬಿಚ್ಚಿ ಬದಲಿಸಬಹುದು, ಅದಕ್ಕೆ ಬೇಕಾದ ಸ್ಕ್ರೂಡ್ರೈವರ್ ಕೂಡ ಜೊತೆಗೇ ಬರುತ್ತದೆ. ಆಪಲ್ ಕಂಪನಿ 2015ರಲ್ಲಿ ತೆಳುವಾಗಲೆಂದು 'ಬಟರ್‌ಫ್ಲೈ' ಎಂಬ ಹೊಸ ಬಗೆಯ ಕೀಬೋರ್ಡ್ ತಂದಿತು. ಕೀ ಅಡಿಗೆ ಒಂದು ಕಣ ಧೂಳು ಸೇರಿದರೂ ಕೀ ಕಚ್ಚಿಕೊಳ್ಳುತ್ತದೆ ಎಂದು ದೂರುಗಳು ಬಂದು, 2018ರಲ್ಲಿ ಉಚಿತ ರಿಪೇರಿ ಯೋಜನೆ ಘೋಷಿಸಬೇಕಾಯಿತು. 2019ರ ಕೊನೆಗೆ ಹಳೆಯ ಬಗೆಗೇ ಮರಳಲು ಶುರುಮಾಡಿತು. ಅಮೆರಿಕದಲ್ಲಿ ಗ್ರಾಹಕರು ಹೂಡಿದ ಮೊಕದ್ದಮೆಯಲ್ಲಿ 2022ರಲ್ಲಿ 5 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು. ಗ್ರಾಹಕರು ಒಟ್ಟಾಗಿ ಕೇಳಿದರೆ ದೊಡ್ಡ ಕಂಪನಿಯೂ ಕೀಬೋರ್ಡಿನ ವಿನ್ಯಾಸ ಬದಲಿಸುತ್ತದೆ.

ನಮ್ಮಲ್ಲೂ ಸರ್ಕಾರ ಸುಮ್ಮನೆ ಕೂತಿಲ್ಲ. ರಿಪೇರಿಯ ಹಕ್ಕಿನ ಬಗ್ಗೆ, ಅಂದರೆ ಕೊಂಡ ವಸ್ತುವನ್ನು ಸುಲಭವಾಗಿ ರಿಪೇರಿ ಮಾಡಿಸಿಕೊಳ್ಳುವ ಹಕ್ಕಿನ ಬಗ್ಗೆ, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ಸಮಿತಿ ರಚಿಸಿತು. ಆಗ ಆರಿಸಿಕೊಂಡ ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಒಂದು. ಅದು ಸರಿಯಾದ ಕೆಲಸವೇ. ನಮ್ಮ ಕಡೆ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಪಂಪಿನ ವಾಷರ್ ಹೋದರೆ ವಾಷರ್ ಒಂದನ್ನೇ ತಂದು ಹಾಕುತ್ತೇವೆ, ಇಡೀ ಪಂಪ್ ಕೊಳ್ಳಿ ಎಂದು ಯಾವ ಅಂಗಡಿಯವನೂ ಹೇಳುವುದಿಲ್ಲ. ಅದೇ ವರ್ಷ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ರಿಪೇರಿ ಹಕ್ಕಿನ ಪೋರ್ಟಲ್ ಕೂಡ ಶುರುವಾಯಿತು. 2025ರ ಮೇ ತಿಂಗಳಲ್ಲಿ ಇನ್ನೊಂದು ಸಮಿತಿ, ವಸ್ತುಗಳು ಎಷ್ಟು ಸುಲಭವಾಗಿ ರಿಪೇರಿ ಆಗುತ್ತವೆ ಎಂದು ಅಂಕ ಕೊಡುವ ಸೂಚ್ಯಂಕದ ಬಗ್ಗೆ ವರದಿ ಕೊಟ್ಟಿದೆ. ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಸಿಗುತ್ತದೆಯೇ, ಯಾವ ಬಗೆಯ ಜೋಡಣೆ ಇದೆ ಎಂಬುದನ್ನೆಲ್ಲ ಅದು ಅಳೆಯುತ್ತದೆ. ಆದರೆ ಆರಂಭಕ್ಕೆ ಸ್ಮಾರ್ಟ್‌ಫೋನ್ ಮತ್ತು ಟ್ಯಾಬ್ಲೆಟ್ ಎಂದು ಹೇಳಿದ್ದಾರೆ. ಲ್ಯಾಪ್‌ಟಾಪ್ ಯಾಕೆ ಕಾಯಬೇಕು? ಫೋನಿನಲ್ಲಿ ದುಡಿಯುವವರಿಗಿಂತ ಲ್ಯಾಪ್‌ಟಾಪಿನಲ್ಲಿ ದುಡಿದು ಉಣ್ಣುವವರೇನು ಕಡಿಮೆಯೇ?

ಫ್ರಾನ್ಸ್ ದೇಶದಲ್ಲಿ 2021ರ ಜನವರಿಯಿಂದಲೇ ಇಂಥ ಸೂಚ್ಯಂಕ ಇದೆ, ಮೊದಲ ಪಟ್ಟಿಯಲ್ಲೇ ಲ್ಯಾಪ್‌ಟಾಪೂ ಇತ್ತು. ಅಂಗಡಿಯಲ್ಲಿ ಬೆಲೆಯ ಪಕ್ಕದಲ್ಲೇ ಹತ್ತಕ್ಕೆ ಇಷ್ಟು ಅಂಕ ಎಂದು ತೋರಿಸಬೇಕು. ಅದರಲ್ಲಿ ನನಗೆ ಬಹಳ ಹಿಡಿಸಿದ ಅಂಶ, ಬಿಡಿಭಾಗದ ಬೆಲೆ ಹೊಸ ವಸ್ತುವಿನ ಬೆಲೆಯ ಎಷ್ಟು ಪಾಲು ಎಂಬುದಕ್ಕೂ ಅಂಕ ಇದೆ. ಬಿಡಿಭಾಗ ದುಬಾರಿಯಾದರೆ ಅಂಕ ಇಳಿಯುತ್ತದೆ. ನಮ್ಮ ಸೂಚ್ಯಂಕದಲ್ಲೂ ಈ ಒಂದು ಲೆಕ್ಕ ಸೇರಿದರೆ, ಲ್ಯಾಪ್‌ಟಾಪಿನ ಕಾಲು ಭಾಗದ ಬೆಲೆಗೆ ಕೀಬೋರ್ಡ್ ಮಾರುವವರು ಯೋಚನೆ ಮಾಡುತ್ತಾರೆ.

ಯುಎಸ್‌ಬಿ ಕೀಬೋರ್ಡ್ ಹಚ್ಚಿಕೊಂಡರೆ ಆಯಿತಲ್ಲ, ಐನೂರು ರೂಪಾಯಿಗೆ ಸಿಗುತ್ತದೆ ಎಂದು ಕೆಲವರು ನನಗೂ ಹೇಳಿದರು. ಕೆಲವು ದಿನ ಅದರಲ್ಲೇ ಕೆಲಸ ಓಡಿಸಿದೆ. ಒಳಗಿನ ಕೀಬೋರ್ಡ್ ತೇವದಿಂದ ಕೆಟ್ಟಾಗ ಸುಮ್ಮನಿರುವುದಿಲ್ಲ, ತಾನಾಗಿಯೇ ಅಕ್ಷರ ಒತ್ತುತ್ತಾ ಹೋಗುತ್ತದೆ. ಕರೆಯೋಲೆಯ ಮಧ್ಯೆ ಒಂದೇ ಅಕ್ಷರ ಸಾಲುಗಟ್ಟಲೆ ಬಂದು ಕೂತರೆ ಮದುವೆ ಮನೆಯವರಿಗೆ ಏನು ಹೇಳುವುದು? ದಿನಾ ಬಸ್ಸಿನಲ್ಲಿ ಕಾಲೇಜಿಗೆ ಹೋಗಿಬರುವ ಮಕ್ಕಳು ಬ್ಯಾಗಿನಲ್ಲಿ ಎರಡೆರಡು ಕೀಬೋರ್ಡ್ ಹೊತ್ತು ತಿರುಗಬೇಕೇ?

ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗವೂ ಇದೆ. ಮೋಸವಾದರೆ ಅಲ್ಲಿಗೆ ಹೋಗಬಹುದು. ಆದರೆ ಬಾಡಿಯ ಜೊತೆ ಸೇರಿಸಿಬಿಟ್ಟ ಕೀಬೋರ್ಡನ್ನು ಬಾಡಿಯ ಬೆಲೆಗೇ ಮಾರುವುದು ಇವತ್ತಿನ ಮಟ್ಟಿಗೆ ಮೋಸ ಅನ್ನಿಸಿಕೊಳ್ಳುವುದಿಲ್ಲ. ಹಾಗಾಗಿ ನಿಯಮವೇ ಬದಲಾಗಬೇಕು.

ರಿಪೇರಿ ಅಂಗಡಿಗಳ ಬಗ್ಗೆಯೂ ಒಂದು ಮಾತು. ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳು ತಮ್ಮ ಬಹಳಷ್ಟು ಮಾಡೆಲ್‌ಗಳನ್ನು ಬಿಚ್ಚಿ ಜೋಡಿಸುವ ಕೈಪಿಡಿಯನ್ನು ಜಾಲತಾಣದಲ್ಲೇ ಇಟ್ಟಿವೆ. ಅದು ಮೆಚ್ಚಬೇಕಾದ್ದು. ಕೈಪಿಡಿಯ ಜೊತೆಗೆ ಒರಿಜಿನಲ್ ಬಿಡಿಭಾಗವೂ ನ್ಯಾಯವಾದ ಬೆಲೆಗೆ ಇಂಥ ಅಂಗಡಿಗಳಿಗೆ ಸಿಗಬೇಕು. ದುರ್ಗಿಗುಡಿಯ ಆ ಹುಡುಗನ ಕೈಯಲ್ಲಿ ಕೆಲಸವಿದೆ, ಕೊರತೆ ಇರುವುದು ನಂಬಬಹುದಾದ ಮಾಲಿನದು. ಹೊಂದುವಂಥದು ಎಂದು ಬರುವ ಕೀಬೋರ್ಡ್ ಎಷ್ಟು ಮಳೆಗಾಲ ಬಾಳುತ್ತದೆ ಎಂದು ಅವನಿಗೂ ಖಾತ್ರಿ ಇಲ್ಲ. ಕೆಟ್ಟರೆ ಗಿರಾಕಿಯಿಂದ ಬೈಸಿಕೊಳ್ಳುವವನು ಅವನೇ. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದಂಥ ಊರುಗಳಲ್ಲಿ ಅಧಿಕೃತ ಸೆಂಟರ್ ಸಿಗುವುದು ಕಷ್ಟ, ನಮಗೆ ಆಸರೆ ಇಂಥ ಹುಡುಗರೇ.

ರಾಜ್ಯ ಸರ್ಕಾರ ದೆಹಲಿಯ ಕಡೆ ನೋಡುತ್ತಾ ಕೂರಬೇಕಾಗಿಲ್ಲ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ, ಕಟ್ಟಡ ಕಾರ್ಮಿಕರ ಮಕ್ಕಳಿಗೆ ಸರ್ಕಾರವೇ ಲ್ಯಾಪ್‌ಟಾಪ್ ಖರೀದಿಸಿ ಹಂಚಿದೆ. ಆ ಮಕ್ಕಳ ಮನೆಯಲ್ಲಿ ಕೀಬೋರ್ಡ್ ಕೆಟ್ಟರೆ ಹನ್ನೊಂದು ಸಾವಿರ ಎಲ್ಲಿಂದ ಬರಬೇಕು? ಯಂತ್ರ ಅಟ್ಟ ಸೇರುತ್ತದೆ, ಅಷ್ಟೇ. ಇನ್ನು ಮುಂದೆ ಕರೆಯುವ ಟೆಂಡರುಗಳಲ್ಲಿ, ಕೀಬೋರ್ಡನ್ನು ಸ್ಕ್ರೂ ಬಿಚ್ಚಿ ಬದಲಿಸುವಂತಿರಬೇಕು, ಐದು ವರ್ಷ ಬಿಡಿಯಾಗಿ ಸಿಗಬೇಕು, ಅದರ ಬೆಲೆಯನ್ನು ಟೆಂಡರಿನಲ್ಲೇ ನಮೂದಿಸಬೇಕು ಎಂದು ಷರತ್ತು ಹಾಕಲಿ. ಸಾವಿರಗಟ್ಟಲೆ ಯಂತ್ರ ಒಟ್ಟಿಗೆ ಕೊಳ್ಳುವ ಗಿರಾಕಿ ಕೇಳಿದರೆ ಕಂಪನಿಗಳು ಇಲ್ಲವೆನ್ನಲಾರವು. ಜಿಲ್ಲೆಯ ಶಾಸಕರು ಈ ಬೇಡಿಕೆಯನ್ನು ಮುಂದಿನ ಅಧಿವೇಶನದಲ್ಲಿ ಎತ್ತಬೇಕೆಂದು ಕೋರುತ್ತೇನೆ.

— ಡಿಟಿಪಿ ಕೆಲಸದ ಮಹಿಳೆ, ತೀರ್ಥಹಳ್ಳಿ