ಡಬ್ಬಿಯಲ್ಲಿ ಹೋಗುವುದು ಊಟ ಅಲ್ಲ

ಪ್ರೀತಿಯ ತಂಗಿ,

ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ನೀನು ಕೈಗಿಟ್ಟ ಲೇಖನವನ್ನು ಲೋಕಲ್‌ನಲ್ಲೇ ಓದಿದೆ. ಮುಲುಂಡಿನ ಮನೆಗೆ ಬಂದು ಇನ್ನೊಮ್ಮೆ ಓದಿದೆ. ನರಕೋಶದೊಳಗೆ, ಜೀನಿನ ಸೂಚನೆಯ ಪ್ರತಿಯಾದ ಮೆಸೆಂಜರ್ ಆರ್‌ಎನ್‌ಎ ಎಲ್ಲಿಗೆ ಹೋಗುತ್ತದೆ ಅನ್ನೋದನ್ನು ಕನ್ನಡದಲ್ಲಿ ಹೇಳಲು ಹೊರಟಿದ್ದೀಯ. ತುಂಬಾ ಖುಷಿಯಾಯಿತು.

ಆರ್‌ಎನ್‌ಎ ಅಂದರೆ ಮುಂಬೈಯ ಡಬ್ಬಾವಾಲಾ ಮನೆಯಿಂದ ಕಚೇರಿಗೆ ಒಯ್ಯುವ ಊಟದ ಡಬ್ಬಿಯಂತೆ ಅನ್ನುವ ನಿನ್ನ ಹೋಲಿಕೆ ಅರ್ಧ ಸರಿಯಿದೆ. ಡಬ್ಬಿಯ ಮುಚ್ಚಳದ ಮೇಲೆ ಯಾವ ಸ್ಟೇಷನ್, ಯಾವ ಕಟ್ಟಡ ಅಂತ ಗುರುತಿರುತ್ತದೆ. ಆರ್‌ಎನ್‌ಎಯ ಬಾಲದ ಕಡೆಯೂ ಅಂಥದೇ ಗುರುತಿರುತ್ತದೆ. ಕೋಶಕ್ಕೆ ಆಕಾರ ಕೊಡುವ ಬೀಟಾ-ಆಕ್ಟಿನ್ ಎಂಬ ಪ್ರೋಟೀನಿನ ಆರ್‌ಎನ್‌ಎಯ ಗುರುತಿಗೆ ವಿಜ್ಞಾನಿಗಳು 'ಜಿಪ್‌ಕೋಡ್' (ನಮ್ಮ ಪಿನ್‌ಕೋಡ್ ಇದ್ದ ಹಾಗೆ) ಅಂತಲೇ ಹೆಸರಿಟ್ಟಿದ್ದಾರೆ. ಅದನ್ನು ಗುರುತಿಸುವ ಪ್ರೋಟೀನುಗಳಿವೆ, ಹಳಿಯಂಥ ಎಳೆಗಳ ಮೇಲೆ ಹೊತ್ತೊಯ್ಯುವ ಪ್ರೋಟೀನುಗಳೂ ಇವೆ. ಇಲ್ಲಿಯವರೆಗೆ ಡಬ್ಬಿ ಸರಿ. ಆದರೆ ಡಬ್ಬಿಯೊಳಗೆ ಬೆಂದ ಊಟ ಇರುತ್ತದೆ, ಅಲ್ವಾ? ಆರ್‌ಎನ್‌ಎ ಊಟ ಅಲ್ಲ, ಅಡುಗೆ ಮಾಡುವ ಬಗೆ ಬರೆದ ಚೀಟಿ. ಆ ಅಡುಗೆಯೇ ಪ್ರೋಟೀನ್. ಊರಿಂದ ಅಮ್ಮ ಸಾರು ಕಳಿಸುವುದಿಲ್ಲ, ಸಾರಿನ ಲೆಕ್ಕ ಬರೆದು ಕಳಿಸುತ್ತಾಳೆ. ಬೇಕಾದಾಗ ನಾವು ಇಲ್ಲೇ ಒಲೆ ಹಚ್ಚುತ್ತೇವೆ. ಒಂದೇ ಚೀಟಿಯಿಂದ ಹಲವು ಸಲ ಮಾಡಬಹುದು. ಬೆನ್ನುಹುರಿಯಿಂದ ಪಾದಕ್ಕೆ ಹೋಗುವ ನರಕೋಶದ ಎಳೆ ಸುಮಾರು 1 ಮೀಟರ್ ಉದ್ದ. ಅಷ್ಟು ದೂರದ ತುದಿಯಲ್ಲಿ ಈಗಲೇ ಬೇಕಾದದ್ದು ಅಲ್ಲೇ ತಯಾರಾಗಬೇಕು. ನಿನ್ನ ಲೇಖನದ ಜೀವ ಇರುವುದೇ ಇಲ್ಲಿ. ಡಬ್ಬಿ ಅದನ್ನು ಮುಚ್ಚಿಬಿಟ್ಟಿದೆ.

ಇನ್ನೊಂದು. ಪ್ರೋಟೀನ್ ಹೀಗೆ ದೂರದಲ್ಲೇ ತಯಾರಾಗುವುದನ್ನು "ನಮ್ಮ ಮೆದುಳಿನಲ್ಲಿ ಕಂಡಿದ್ದಾರೆ" ಅಂತ ಬರೆದಿದ್ದೀಯ. ಯಾರ ಮೆದುಳು? 1982ರಲ್ಲಿ ಸ್ಟೀವರ್ಡ್ ಮತ್ತು ಲೆವಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಡೆಂಡ್ರೈಟ್‌ನ (ನರಕೋಶ ಸಂದೇಶ ಪಡೆಯುವ ಕೊಂಬೆ) ಮುಳ್ಳುಗಳ ಬುಡದಲ್ಲಿ ಪ್ರೋಟೀನ್ ಕಟ್ಟುವ ರೈಬೋಸೋಮ್‌ಗಳ ಗುಂಪು ನೋಡಿದ್ದು ಇಲಿಯಲ್ಲಿ. 1996ರಲ್ಲಿ ಕಾಂಗ್ ಮತ್ತು ಶೂಮನ್ ಇಲಿಯ ಮೆದುಳಿನ ತೆಳು ಹೋಳಿನಲ್ಲಿ ಡೆಂಡ್ರೈಟ್‌ಗಳನ್ನು ಕೋಶದ ಒಡಲಿನಿಂದ ಕತ್ತರಿಸಿ ಬೇರೆ ಮಾಡಿದರು. ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ ಎಂಬ ಪ್ರೋಟೀನ್ ಕೊಟ್ಟಾಗ ಆಗಲೂ ಸಿನಾಪ್ಸ್‌ಗಳು, ಅಂದರೆ ನರಕೋಶಗಳ ನಡುವಿನ ಕೊಂಡಿಗಳು, ಬಲವಾದವು. ಪ್ರೋಟೀನ್ ತಯಾರಿಕೆ ತಡೆದರೆ ಆಗಲಿಲ್ಲ. ಎಷ್ಟು ಚೆಂದದ ಪ್ರಯೋಗ! ಅದಕ್ಕೆ ಎರಡು ಪ್ಯಾರಾ ಕೊಡು. ಮನುಷ್ಯರ ಜೀವಂತ ನರಕೋಶ ಬೇಕೆಂದಾಗ ಸಿಗುವುದಿಲ್ಲ. 2007ರಲ್ಲಿ ಮನುಷ್ಯರ ಚರ್ಮದ ಕೋಶಗಳನ್ನು ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಕಾಂಡಕೋಶಗಳಂತೆ ಮಾಡುವ ದಾರಿ ಸಿಕ್ಕಿತು. ಈಗ ಅವುಗಳಿಂದ ನರಕೋಶ ಬೆಳೆಸಿ, ಎಳೆಗಳನ್ನು ಒಡಲಿನಿಂದ ಬೇರ್ಪಡಿಸಿ, ಅಲ್ಲಿ ಯಾವ ಆರ್‌ಎನ್‌ಎ ಇದೆ ಅಂತ ನೋಡುತ್ತಾರೆ. ಇಲಿ ಅಂದರೆ ಇಲಿ ಅಂತಲೇ ಬರೆ.

ಕೊನೆಗೆ, 'ಪ್ರೋಟೀನ್' ಅನ್ನುವ ಮಾತು. ಎಷ್ಟೋ ವರ್ಷಗಳ ಹಿಂದೆ ನಾನು ಫ್ರಜೈಲ್ ಎಕ್ಸ್ ಎಂಬ, ಮಕ್ಕಳ ಬುದ್ಧಿ ಬೆಳವಣಿಗೆಗೆ ತೊಡಕಾಗುವ ಆನುವಂಶಿಕ ತೊಂದರೆಯ ಬಗ್ಗೆ ಬರೆದೆ. "ಈ ಮಕ್ಕಳಲ್ಲಿ ಎಫ್‌ಎಂಆರ್‌ಪಿ ಎಂಬ ಪ್ರೋಟೀನ್ ಇರುವುದಿಲ್ಲ" ಅಂತ ಒಂದೇ ಸಾಲಿನಲ್ಲಿ ಮುಗಿಸಿದೆ. ಓದಿದ ಒಬ್ಬ ತಾಯಿ ಫೋನ್ ಮಾಡಿದರು. "ಮಗನಿಗೆ ಬೇಳೆ, ಮೊಟ್ಟೆ ಜಾಸ್ತಿ ಕೊಡ್ತಾ ಇದ್ದೀನಿ. ಸಾಕಾಗುತ್ತಾ?" ಅಂದರು. ನನಗೆ ಮಾತೇ ಬರಲಿಲ್ಲ. ನಮ್ಮ ಓದುಗರಿಗೆ ಪ್ರೋಟೀನ್ ಅಂದರೆ ತಿನ್ನುವುದು. ಕೋಶ ತಾನೇ ಕಟ್ಟಿಕೊಳ್ಳುವುದು ಅಂತ ನಾನು ಹೇಳಿರಲಿಲ್ಲ. ಎಫ್‌ಎಂಆರ್‌ಪಿಯ ಒಂದು ಕೆಲಸ, ಚೀಟಿಯನ್ನು ಮಡಚಿಟ್ಟು ಬೇಡದ ಹೊತ್ತಿನಲ್ಲಿ ಒಲೆ ಹೊತ್ತದಂತೆ ತಡೆಯುವುದು. ಅದಿಲ್ಲದಾಗ ಬೇರೆ ಎಷ್ಟೋ ಪ್ರೋಟೀನುಗಳು ಮಿತಿಮೀರಿ ತಯಾರಾಗುತ್ತವೆ. ಮೊಟ್ಟೆ ಕೊಟ್ಟು ತುಂಬುವ ಕೊರತೆ ಅಲ್ಲ ಅದು. ಆ ತಾಯಿಗೆ ಇದನ್ನು ಹೇಳಲು ನನಗೆ ಅರ್ಧ ಗಂಟೆ ಹಿಡಿಯಿತು. ಲೇಖನದಲ್ಲಿ ನಾಲ್ಕು ಸಾಲು ಸಾಕಿತ್ತು.

ನಿನ್ನ ಮೂರನೇ ಪುಟದಲ್ಲೂ ಅದೇ ಸಾಲಿದೆ. ಕೆಂಪು ಗೆರೆ ಹಾಕಿದ್ದೇನೆ. ಮೊದಲು ಅದನ್ನು ತಿದ್ದು. ಭಾನುವಾರ ಮನೆಗೆ ಬಾ, ಕೂತು ಓದೋಣ.

ನಿನ್ನ,
ಮುಲುಂಡಿನ ಅಕ್ಕ